ತಕ್ಕಡಿಯ ಪಾಲು

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ದೇವರ ಕೋಣೆ ಇಲ್ಲದಿದ್ದರೂ ಇರಬಹುದು, ಸೂಟ್‌ಕೇಸ್ ತೂಗುವ ಮಷಿನ್ ಇಲ್ಲದ ಮನೆಯನ್ನು ನಾನು ಕಂಡಿಲ್ಲ. ನಮ್ಮದು ಅಂಗೈಯಷ್ಟು ದೊಡ್ಡದು, ಕೆಳಗೊಂದು ಕೊಕ್ಕೆ, ಮೇಲೊಂದು ಹಿಡಿ. ಅವ್ವ ಒಮ್ಮೆ ಇಲ್ಲಿಗೆ ಬಂದಿದ್ದಾಗ ಅದನ್ನು ‘ತಕ್ಕಡಿ’ ಎಂದು ಕರೆದು ಹೋದಳು. ಅಂದಿನಿಂದ ಅರ್ಧಂಬರ್ಧ ಕನ್ನಡದ ನಮ್ಮ ಮಕ್ಕಳ ಬಾಯಲ್ಲೂ ಅದು ತಕ್ಕಡಿಯೇ.

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ಪಕ್ಕದ ಮನೆಯವರು ಬೇಲಿಯಾಚೆ ನಿಂತು ಅದನ್ನು ಎರವಲು ಕೇಳಿದರು. ಎಪ್ಪತ್ತು ದಾಟಿದ ಮನುಷ್ಯ, ಅಲಾಸ್ಕಾಕ್ಕೆ ಮೂಸ್ ಬೇಟೆಗೆ ಹೊರಟಿದ್ದರು. ಮೂಸ್ ಎಂದರೆ ನಮ್ಮ ಕಡವೆಯ ಕುಲದ್ದೇ, ಆದರೆ ಕುದುರೆಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಕುದುರೆಯೇ ಗಿಡ್ಡ ಕಾಣುತ್ತದೆ. ಪ್ರತಿ ಬೇಸಿಗೆ ನಾವು ಊರಿಗೆ ಹೊರಡುವ ಮುಂಚೆ ಗರಾಜಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿ, ಇದರಿಂದ ತೆಗೆದು ಅದಕ್ಕೆ ತುರುಕಿ, ಗಂಡ ಹೆಂಡತಿ ಜಗಳವಾಡುವುದನ್ನು ಅವರು ಎಷ್ಟೋ ವರ್ಷಗಳಿಂದ ನೋಡಿದ್ದಾರೆ. “ಮಷಿನ್ ಒಂದೇ ಸಾಲದು, ಅನುಭವಸ್ಥರೂ ಬೇಕು, ಬನ್ನಿ” ಎಂದರು.

ಅವರ ಗರಾಜಿನ ನೆಲದ ಮೇಲೆ ಒಂದು ಸಣ್ಣ ಸಂತೆಯೇ ಹರಡಿತ್ತು. ಡೇರೆ, ಮಲಗುವ ಚೀಲ, ಟಾರ್ಪಾಲು, ತೊಡೆಮಟ್ಟ ಬರುವ ರಬ್ಬರ್ ಬೂಟು, ಮಾಂಸ ಹೊರುವ ಅಲ್ಯುಮಿನಿಯಂ ಚೌಕಟ್ಟಿನ ಬೆನ್ನುಚೀಲ, ಒಲೆ, ಚಾಕು, ಹಗ್ಗ. ತುಂಡು ಮಾಡಿದ ಮಾಂಸಕ್ಕೆ ನೊಣ ಮುತ್ತದಂತೆ, ಗಾಳಿಯೂ ಆಡುವಂತೆ ಕಟ್ಟಲು ಹತ್ತಿಬಟ್ಟೆಯ ಚೀಲಗಳು. ಇಷ್ಟೆಲ್ಲ ಎರಡು ಡಫಲ್ ಬ್ಯಾಗಿನೊಳಗೆ ಹೋಗಬೇಕು. ಲೆಕ್ಕ ಮಾತ್ರ ನಮ್ಮದೇ: ಒಂದಕ್ಕೆ 50 ಪೌಂಡ್, ಅಂದರೆ 23 ಕಿಲೋ; ಉದ್ದ, ಅಗಲ, ಎತ್ತರ ಕೂಡಿಸಿದರೆ 62 ಇಂಚು.

ನಾನು ಗುರುವಿನ ಗತ್ತಿನಲ್ಲಿ ಶುರುಮಾಡಿದೆ. ಬೂಟಿನ ಹೊಟ್ಟೆಯೊಳಗೆ ಕಾಲುಚೀಲ ತುಂಬಿ, ಪಾತ್ರೆಯೊಳಗೆ ಕಾಫಿಪುಡಿ ಇಡಿ, ಭಾರದ ಜಾಕೆಟ್ ಮೈಮೇಲೆ ಹಾಕಿಕೊಂಡುಬಿಡಿ ಎಂದೆ. ಅವರು ನಕ್ಕರು. ಬೇಟೆಗಾರರು ಬೂಟನ್ನು ಬ್ಯಾಗಿಗೆ ಹಾಕುವುದೇ ಇಲ್ಲವಂತೆ, ಕಾಲಿಗೆ ಹಾಕಿಕೊಂಡೇ ವಿಮಾನ ಹತ್ತುತ್ತಾರಂತೆ. ಅದು ತೂಕ ಉಳಿಸುವುದಕ್ಕಷ್ಟೇ ಅಲ್ಲ. ಬ್ಯಾಗ್ ಕಳೆದುಹೋದರೆ ಡೇರೆ ಕೊಳ್ಳಬಹುದು, ಅನ್ನ ಕೊಳ್ಳಬಹುದು, ಪಾದಕ್ಕೆ ಪಳಗಿದ ಬೂಟನ್ನು ಯಾವ ಅಂಗಡಿಯವನೂ ಕೊಡಲಾರ. ದುರ್ಬೀನು, ಕೋವಿಯ ಮೇಲಿನ ದೂರದರ್ಶಕ, ಲಿಥಿಯಂ ಬ್ಯಾಟರಿಗಳು ಕೈಚೀಲಕ್ಕೆ. ಬಿಡಿ ಬ್ಯಾಟರಿಯನ್ನು ಕೆಳಗಿನ ಸರಕಿನಲ್ಲಿ ಹಾಕುವಂತೆಯೇ ಇಲ್ಲ.

ಕೋವಿಯ ವಿಷಯದಲ್ಲಿ ನನಗೆ ದೊಡ್ಡ ಗಾಬರಿ ಇತ್ತು. ನಮ್ಮ ಸೂಟ್‌ಕೇಸಿನ ಸಾಂಬಾರುಪುಡಿಯನ್ನೇ ಬಿಚ್ಚಿ ನೋಡಿ, “ಪರೀಕ್ಷಿಸಿದ್ದೇವೆ” ಎಂದು ಅಚ್ಚಿನ ಚೀಟಿ ಇಟ್ಟು ಕಳಿಸುವ ದೇಶ ಇದು. ಕೋವಿ ಹೇಗೆ ಹೋದೀತು? ಹೋಗುತ್ತದೆ. ಮದ್ದುಗುಂಡು ತೆಗೆದಿರಬೇಕು, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿರಬೇಕು, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು. ಬೀಗದ ಕೈ ಪ್ರಯಾಣಿಕನ ಬಳಿಯೇ ಇರಬೇಕು, ಬೇರೆಯವರಿಗೆ ಕೊಡಬಾರದು. ತೋಟಾಗಳಿಗೆ ಅವುಗಳದೇ ಡಬ್ಬಿ. ಬಹಳಷ್ಟು ವಿಮಾನ ಕಂಪನಿಗಳು 5 ಕಿಲೋವರೆಗೆ ಬಿಡುತ್ತವೆ.

ಹೋಗದೇ ಇದ್ದದ್ದು ಒಂದು ಪುಟ್ಟ ಡಬ್ಬಿ. ಕರಡಿ ಎದುರಾದರೆ ಮುಖಕ್ಕೆ ಎರಚುವ ಸ್ಪ್ರೇ. ಅದನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಸರಕಿನಲ್ಲೂ ಹಾಕುವಂತಿಲ್ಲ. ಒಲೆಯ ಗ್ಯಾಸ್ ಡಬ್ಬಿಗೂ ಅದೇ ಗತಿ. ಸ್ಪ್ರೇಯ ಒಳಗಿರುವುದೇನು ಎಂದು ಓದಿದೆ: ಮೆಣಸಿನಕಾಯಿಯ ಖಾರ, ಅಷ್ಟೇ! ಅದೇ ಖಾರವನ್ನು ಒತ್ತಡದಲ್ಲಿ ತುಂಬಿದ್ದೇ ಅದರ ತಪ್ಪು. ನಾವು ಊರಿಂದ ಎರಡೆರಡು ಕಿಲೋ ಮೆಣಸಿನಪುಡಿ ತಂದರೆ ಯಾರೂ ತಡೆದಿಲ್ಲ. (ನಮ್ಮದು ಬ್ಯಾಡಗಿ. ಬಣ್ಣಕ್ಕೆ ಹೆಸರಾದದ್ದು. ಅದಕ್ಕೆ ಕರಡಿ ಹೆದರುವುದಿರಲಿ, ಇನ್ನೊಂದು ಚಮಚ ಕೇಳೀತು.)

ಎಲ್ಲ ಮುಗಿದು ತಕ್ಕಡಿಗೆ ಹಾಕಿದರೆ ಒಂದು ಬ್ಯಾಗ್ 49, ಇನ್ನೊಂದು 38. ನಾನು ಇನ್ನೂ ಹನ್ನೆರಡು ಪೌಂಡ್ ಜಾಗವಿದೆ ಎಂದೆ. ಬೇಡವೆಂದರು. ಮುಂದಿನ ವಿಮಾನ ಬೇರೆ ಥರದ್ದು.

ಆಂಕೊರೇಜ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಲೇಕ್ ಹುಡ್ ಎಂಬ ಕೆರೆ ಇದೆ. ನೀರಿನಿಂದ ಏಳುವ ವಿಮಾನಗಳ ದೊಡ್ಡ ತಾಣ ಅದು. ಅಲ್ಲಿಂದ ಬೇಟೆಗಾರರನ್ನು ಕಾಡಿನ ಕೆರೆಗಳಿಗೆ ಒಯ್ಯುವವುಗಳಲ್ಲಿ ಬೀವರ್ ಎಂಬ ಹಳೆಯ ವಿಮಾನಗಳೂ ಇವೆ. 1947ರಲ್ಲಿ ಮೊದಲು ಹಾರಿದ ಮಾದರಿ, 1967ಕ್ಕೆ ತಯಾರಿಕೆಯೇ ನಿಂತಿತು, ಇನ್ನೂ ಹಾರುತ್ತಿವೆ. ಅಲ್ಲಿ ಬ್ಯಾಗಿನ ಜೊತೆಗೆ ಮನುಷ್ಯನ ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸಂಕೋಚಪಟ್ಟು ಕಡಿಮೆ ಹೇಳುವಂತಿಲ್ಲ. ದೊಡ್ಡ ವಿಮಾನದವರಿಗೆ ಗಟ್ಟಿ ಪೆಟ್ಟಿಗೆಯೇ ಆಗಬೇಕು, ಇವರಿಗೆ ಅದು ಬೇಡವೇ ಬೇಡ. ಬಾಲದ ಸಂದಿಗೆ ಒತ್ತಿ ತುಂಬುವಂಥ ಮೆತ್ತನೆಯ ಚೀಲಗಳೇ ಬೇಕು. ಹಾಗಾಗಿ ಕೋವಿ ಬಟ್ಟೆಯ ಒರೆಗೆ ಬದಲಾಗುತ್ತದೆ, ಬೀಗದ ಪೆಟ್ಟಿಗೆ ದಡದಲ್ಲೇ ಉಳಿಯುತ್ತದೆ. ಅಲ್ಲೇ ಕೊಂಡ ಖಾರದ ಡಬ್ಬಿಯನ್ನು ಪೈಲಟ್ ತನ್ನ ಪಕ್ಕ ಇಟ್ಟುಕೊಳ್ಳುವುದಿಲ್ಲ, ಹೊರಗೆ ವಿಮಾನದಡಿಯ ತೇಲುದೋಣಿಯ ಗೂಡಿಗೆ ಹಾಕುತ್ತಾನೆ. ಆಕಾಶದಲ್ಲಿ ಅದೇನಾದರೂ ಒಡೆದರೆ ಕಣ್ಣು ಬಿಡುವವರು ಯಾರು? ಡೇರೆ, ಹಾಸಿಗೆ ಎಲ್ಲಕ್ಕಿಂತ ಮೇಲಿರಬೇಕು, ಇಳಿದ ದಿನ ಮೊದಲು ಬೇಕಾಗುವುದು ಅವೇ. ಹಾರಿ ಬಂದಿಳಿದ ದಿನ ಮೂಸ್ ಎದುರು ಬಂದು ನಿಂತರೂ ಈಡು ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು ಎಂದು ಅಲ್ಲಿನ ಕಾನೂನು.

ಆದರೂ ಆ ಹನ್ನೆರಡು ಪೌಂಡ್ ಖಾಲಿ ಬಿಡುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಆಗ ಅವರು ಕೇಳಿದರು, “ನೀವು ಊರಿಂದ ತರುವ ಸಾಮಾನಿಗೆ ಹೋಗುವಾಗಲೇ ಪೆಟ್ಟಿಗೆಯಲ್ಲಿ ಜಾಗ ಯೋಚಿಸುವುದಿಲ್ಲವೇ?” ಯೋಚಿಸುತ್ತೇವೆ. ಚಾಕೊಲೇಟು, ಶಾಂಪೂ, ಬಾದಾಮಿ ಹೊತ್ತ ಪೆಟ್ಟಿಗೆ ಹೋಗಿ ಖಾಲಿಯಾಗುತ್ತದೆ ಎನ್ನುವ ಧೈರ್ಯದಲ್ಲೇ ಹಪ್ಪಳ, ಅಪ್ಪೆಮಿಡಿಯ ಕನಸು ಕಾಣುವುದು. ಅವರದೂ ಅದೇ. ಒಂದು ದೊಡ್ಡ ಮೂಸಿನಿಂದ ಸುಮಾರು 500 ಪೌಂಡ್ ಮಾಂಸ ಸಿಗುತ್ತದೆ. ತಿನ್ನಬಹುದಾದ್ದನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲಾಸ್ಕಾದಲ್ಲಿ ಅಪರಾಧ. ಮಾಂಸ ಅಲ್ಲೇ ಬಿಟ್ಟು ಕೊಂಬು ಮಾತ್ರ ಹೊತ್ತು ಬರುವಂತಿಲ್ಲ. ಬರುವಾಗ ಡೇರೆ, ಪಾತ್ರೆಗಳು ಅಂಚೆಯಲ್ಲಿ ನಿಧಾನಕ್ಕೆ ಬರುತ್ತವೆ, ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಮಾಂಸ ಟಿಕೆಟಿನ ಸರಕಾಗಿ ಅವರ ಜೊತೆಯೇ ಬರುತ್ತದೆ. ತಣ್ಣಗಿಡಲು ಡ್ರೈ ಐಸ್ ಹಾಕುವುದಾದರೆ ಒಬ್ಬರಿಗೆ ಎರಡೂವರೆ ಕಿಲೋ, ಅದೂ ವಿಮಾನದವರ ಒಪ್ಪಿಗೆಯ ಮೇಲೆ, ಅದೂ ಗಾಳಿಯಾಡುವ ಪೆಟ್ಟಿಗೆಯಲ್ಲಿ.

ಅಷ್ಟು ಹೊತ್ತಿಗೆ ನನಗೆ ಅಜ್ಜಯ್ಯ ನೆನಪಾಗಿದ್ದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಅವರು ಹಂದಿ ಶಿಕಾರಿಗೆ ಹೊರಡುತ್ತಿದ್ದುದು ನನಗೆ ಮಬ್ಬಾಗಿ ಗೊತ್ತು, 1972ರ ವನ್ಯಜೀವಿ ಕಾಯಿದೆಗೆ ಮುಂಚಿನ ಮಾತು. ಹೆಗಲ ಮೇಲೆ ಕೋವಿ, ಸೊಂಟಕ್ಕೆ ಕತ್ತಿ, ಎಲೆಅಡಿಕೆ ಚೀಲ. ಲಗೇಜು ಮುಗಿಯಿತು. ಮನೆಯ ಹಿಂದಿನ ಗುಡ್ಡಕ್ಕೆ ಹೋಗುವವನಿಗೆ ಮತ್ತೇನು ಬೇಕು? ತೂಕ ಇದ್ದದ್ದು ಬರುವಾಗ ಮಾತ್ರ, ಬಿದಿರ ಗಳುವಿಗೆ ಕಟ್ಟಿ ಇಬ್ಬರು ಹೊರುವಷ್ಟು. ಅಂಗಳದಲ್ಲಿ ಪಾಲು ಹಾಕುವಾಗ ಹಳು ನುಗ್ಗಿದವರಿಗೆಲ್ಲ ಸಮ, ಅದರ ಮೇಲೆ ಕೋವಿಯದೊಂದು ಪಾಲು, ನಾಯಿಯದೊಂದು ಪಾಲು. ಯಾರದೋ ಕೋವಿ ಎರವಲು ತಂದಿದ್ದರೆ, ಆತ ಮನೆಯಲ್ಲಿ ಮಲಗಿದ್ದರೂ ಸರಿ, ಅವನ ಪಾಲು ಅವನ ಮನೆಗೆ ಹೋಗುತ್ತಿತ್ತು. ಇದನ್ನೆಲ್ಲ ಪಕ್ಕದ ಮನೆಯವರಿಗೆ ಹೇಳಿದೆ, ಬ್ಯಾಗಿನ ಜಿಪ್ ಎಳೆಯುತ್ತ, ಮಾತಿಗೆ ಮಾತು ಎಂಬಂತೆ.

ಸೆಪ್ಟೆಂಬರ್ ಮೂರನೆಯ ವಾರ ಬಾಗಿಲು ಬಡಿದ ಸದ್ದಾಯಿತು. ಕೈಯಲ್ಲಿ ನಮ್ಮ ತಕ್ಕಡಿ, ಅದರ ಕೊಕ್ಕೆಗೆ ಸಿಕ್ಕಿಸಿದ ಒಂದು ಚೀಲ, ಒಳಗೆ ಬಿಳಿ ಕಾಗದದಲ್ಲಿ ಸುತ್ತಿದ ಕಲ್ಲಿನಂಥ ಪೊಟ್ಟಣ. ಮೇಲೆ ಕಪ್ಪು ಮಾರ್ಕರಿನಲ್ಲಿ ಬರೆದಿತ್ತು, ‘ಮಷಿನ್ನಿನ ಪಾಲು’ ಎಂದು, ಅವರ ಭಾಷೆಯಲ್ಲಿ.

ಅವರು ಹೋದ ಮೇಲೆ ಅದನ್ನು ಕೊಕ್ಕೆಯಿಂದ ಬಿಡಿಸದೆ ಹಾಗೆಯೇ ಎತ್ತಿ ಹಿಡಿದೆ. ನಾಲ್ಕು ಪೌಂಡ್ ಚಿಲ್ಲರೆ. ಹೆಂಡತಿ ಆಗಲೇ ಕಡುಬಿಗೆ ಅಕ್ಕಿತರಿ ಹುಡುಕುತ್ತಿದ್ದಳು. ಜುಲೈನಲ್ಲಿ ಊರಿಂದ ತಂದದ್ದು, ತೂಕ ಹೆಚ್ಚಾಯಿತೆಂದು ನಾನು ಎರಡು ಸಲ ಹೊರಗೆ ತೆಗೆದಿಟ್ಟಿದ್ದು, ಅವಳು ಎರಡು ಸಲವೂ ನನಗೆ ಗೊತ್ತಾಗದಂತೆ ಒಳಗೆ ಸೇರಿಸಿದ್ದು.