ಅಟ್ಟಕ್ಕೇರಿದ ಪುಸ್ತಕಗಳು

ಮಳವಳ್ಳಿ ಕಡೆಯ ಒಂದು ಮನೆಗೆ ಆಶೀರ್ವಾದಕ್ಕೆ ಹೋಗಿದ್ದೆ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟ ಪುಸ್ತಕಗಳಿದ್ದವು. ಎರಡನೇ ಪಿಯುಸಿಯಲ್ಲಿದ್ದಾಗ ಮಗಳಿಗೆ ಮನೋರೋಗ ಕಾಣಿಸಿಕೊಂಡಿತು. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ತಂದೆ ಅವಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದರು. ಗುಳಿಗೆ ನುಂಗಿ ಚೇತರಿಸಿಕೊಂಡಳು. ಆದರೆ ಕಾಲೇಜಿನವರು ಟಿ.ಸಿ. ಕೈಗಿತ್ತರು. ಮನೆಯವರೂ "ಇನ್ನು ತಲೆಗೆ ಭಾರ ಬೇಡ" ಎಂದುಕೊಂಡರು.

"ಓದಬಾರದು ಅಂತ ಡಾಕ್ಟರು ಹೇಳಿಲ್ಲವಲ್ಲ, ಫಾದರ್?" ಎಂದು ಹುಡುಗಿ ಕೇಳಿದಳು.

"ಪ್ರಾರ್ಥನೆ ಮಾಡು ಮಗಳೇ" ಎಂದು ಹೇಳಿ ಎದ್ದು ಬಂದೆ. ಆ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ವಿವೇಕ ಸ್ವಭಾವವುಳ್ಳ ಜೀವಿಯೇ ವ್ಯಕ್ತಿ ಎಂಬ ಬೊಯೇಥಿಯಸನ ವಿಚಾರವನ್ನು ಸೆಮಿನರಿಯಲ್ಲಿ ಬಾಯಿಪಾಠ ಮಾಡಿದ್ದೆವು. ಹಾಗಾದರೆ ವಿವೇಕ ಕದಡಿದವರು ಅರ್ಧ ವ್ಯಕ್ತಿಗಳೇ? ಅಲ್ಲ. ಅವನು ಹೇಳಿದ್ದು ಸ್ವಭಾವವನ್ನು, ಅದರ ಬಳಕೆಯನ್ನಲ್ಲ. ನಿದ್ದೆಹೋದವನೂ ತೊಟ್ಟಿಲ ಕೂಸೂ ತರ್ಕ ಮಾಡುವುದಿಲ್ಲ. ಕೂಸಿಗೆ ಬುದ್ಧಿ ಪರೀಕ್ಷೆ ಮಾಡಿ ದೀಕ್ಷಾಸ್ನಾನ ಕೊಡುತ್ತೇವೆಯೇ?

ಈ ವಿಷಯದಲ್ಲಿ ದೇಶದ ಕಾನೂನು ನಮಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ನ್ಯಾಯಾಲಯ ಘೋಷಿಸದ ಹೊರತು, ಮನೋರೋಗವಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿಸ್ವಾಧೀನವಿಲ್ಲದವರೆಂದು ಎಣಿಸುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಒಳಗೊಂಡಿದೆ. ಅದರಂತೆ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು; ಅಗತ್ಯಕ್ಕೆ ತಕ್ಕ ಅನುಕೂಲವನ್ನೂ ಮಾಡಿಕೊಡಬೇಕು. ಧರ್ಮಸಭೆಯ ಶಾಲೆಗಳನ್ನು ನಡೆಸುವ ನಾವೂ ಇದನ್ನು ಓದಿಕೊಳ್ಳಬೇಕು.

ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನನ್ನು ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಕಾಣುತ್ತೇವೆ. (ಮನೋರೋಗವೆಲ್ಲ ದೆವ್ವದ ಕಾಟವೆಂದು ದಯವಿಟ್ಟು ತಿಳಿಯಬೇಡಿ, ಹಾಗೆ ತಿಳಿದು ಗುಳಿಗೆ ನಿಲ್ಲಿಸಿ ಕಷ್ಟಕ್ಕೆ ಸಿಕ್ಕವರುಂಟು.) ಊರಿನವರಿಗೆ ಗೊತ್ತಿದ್ದುದು ಅವನನ್ನು ಸರಪಳಿಯಲ್ಲಿ ಕಟ್ಟುವುದಷ್ಟೇ. ಸ್ವಸ್ಥನಾಗಿ ಕುಳಿತವನನ್ನು ಕಂಡು ಅವರು ಹೆದರಿದರು. ಯೇಸುವನ್ನೇ ಊರು ಬಿಟ್ಟು ಹೋಗೆಂದರು! ಸ್ವಾಮಿಯಾದರೋ ಅವನನ್ನು ಮನೆಗೆ ಕಳುಹಿಸಿ, ಸುದ್ದಿ ಸಾರುವ ಕೆಲಸ ಒಪ್ಪಿಸಿದರು. ನಿನ್ನೆಯವರೆಗೆ ಹುಚ್ಚನೆನಿಸಿಕೊಂಡವನ ಮಾತನ್ನು ದೆಕಪೊಲಿಯವರು ಕೇಳಿ ಬೆರಗಾದರು.

ಆಮೇಲೆ ನಾನು ಆ ತಂದೆಯೊಂದಿಗೆ ಮಂಡ್ಯದ ಬೇರೊಂದು ಕಾಲೇಜಿಗೆ ಹೋದೆ. ಮಗಳೂ ಜೊತೆಗಿದ್ದಳು. ಗುಳಿಗೆಯಿಂದಾಗಿ ಬೆಳಗಿನ ಮೊದಲ ತರಗತಿಯಲ್ಲಿ ತೂಕಡಿಕೆ ಬರುತ್ತದೆ, ಆಗ ಗದರಬೇಡಿ ಎಂದು ಪ್ರಾಂಶುಪಾಲರಿಗೆ ಅವಳೇ ಹೇಳಿದಳು. ಅವರು ಅದನ್ನು ಬರೆದುಕೊಂಡರು.