ಹಾಲಿನ ಶುದ್ಧಿ ಮತ್ತು ಪ್ರಮಾದದ ಪ್ರಶ್ನೆ

ಆಹಾರಶುದ್ಧಿಗೂ ಅಂತಃಕರಣದ ಶುದ್ಧಿಗೂ ಛಾಂದೋಗ್ಯ ಉಪನಿಷತ್ತು ಹೇಳುವ ಸಂಬಂಧವನ್ನು ಶಂಕರರು ಇಂದ್ರಿಯಗಳು ಗ್ರಹಿಸುವ ವಿಷಯಗಳಿಗೆ ಅನ್ವಯಿಸಿದರೆ, ರಾಮಾನುಜರು ಉಣ್ಣುವ ಅನ್ನಕ್ಕೇ ಅನ್ವಯಿಸಿ ಅದರ ದೋಷಗಳನ್ನು ಮೂರು ಬಗೆಯಾಗಿ ಕಂಡರು: ಪದಾರ್ಥದ ಸ್ವಭಾವದಲ್ಲೇ ಇರುವ ಜಾತಿದೋಷ, ಅದು ಯಾರಿಂದ ಬಂತೆಂಬುದರಿಂದ ಒದಗುವ ಆಶ್ರಯದೋಷ, ಕೂದಲು ಕಸ ಬಿದ್ದು ತಗಲುವ ನಿಮಿತ್ತದೋಷ. ದೋಷವು ಕಣ್ಣಿಗೋ ವಿಚಾರಣೆಗೋ ಸಿಕ್ಕೇ ಸಿಗುತ್ತದೆಂಬ ನಂಬಿಕೆ ಈ ವಿಂಗಡಣೆಯ ತಳದಲ್ಲಿದೆ. ಹಾಲಿನಲ್ಲಿ ಸೇರುವ ಅಫ್ಲಟಾಕ್ಸಿನ್ ಎಂ1 ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸರಿಯಾಗಿ ಒಣಗದ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಮೆಕ್ಕೆಜೋಳಗಳಲ್ಲಿ ಬೆಳೆದು ಅಫ್ಲಟಾಕ್ಸಿನ್ ಬಿ1 ಎಂಬ ವಿಷವನ್ನು ಉಂಟುಮಾಡುತ್ತದೆ. ಹಸುವಿನ ಯಕೃತ್ತು ಅದರ ಒಂದು ಪಾಲನ್ನು ಎಂ1 ಆಗಿ ಮಾರ್ಪಡಿಸಿದಾಗ, ಮೇವು ತಿಂದ ಒಂದು ದಿನದೊಳಗೇ ಅದು ಹಾಲಿಗೆ ಇಳಿಯುತ್ತದೆ. ಬಣ್ಣ, ವಾಸನೆ, ರುಚಿಗಳಲ್ಲಿ ಸುಳಿವು ಕೊಡದ ಈ ಕ್ಯಾನ್ಸರ್‌ಕಾರಕವನ್ನು ಕಾಯಿಸುವುದರಿಂದಾಗಲಿ ಪಾಶ್ಚರೀಕರಣದಿಂದಾಗಲಿ ನೀಗಲಾಗದು. ಹಳ್ಳಿಯ ಡೇರಿಯಲ್ಲಿ ಜಿಡ್ಡಿನಂಶವನ್ನೂ, ಎಸ್‌ಎನ್‌ಎಫ್ ಎಂದು ಕರೆಯುವ ಜಿಡ್ಡೇತರ ಘನಾಂಶವನ್ನೂ ಅಳೆದು ದರ ತೋರಿಸುವ ಯಂತ್ರಕ್ಕೂ ಅದು ಕಾಣದು.

ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 6,432 ಮಾದರಿಗಳ ಪೈಕಿ ಕಲಬೆರಕೆಯಿಂದ ಅಸುರಕ್ಷಿತವೆನಿಸಿದವು 12 ಮಾತ್ರ, ಕಿಲೋಗೆ 0.5 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿ ಎಂ1 ಕಂಡುಬಂದವು 368. ಜನರ ಸಿಟ್ಟು ಮಾತ್ರ ಕಲಬೆರಕೆಯ ಕಡೆಗೇ ಹರಿಯುತ್ತದೆ, ಏಕೆಂದರೆ ಅಲ್ಲಿ ದುರುದ್ದೇಶವುಳ್ಳ ಕರ್ತನೊಬ್ಬ ಸಿಗುತ್ತಾನೆ. ಉದ್ದೇಶವೇ ಇಲ್ಲದ ಕೇಡಿಗೆ ಹೊಣೆ ಯಾರು?

ಸಂಕಲ್ಪವೇ ಕರ್ಮದ ತಿರುಳೆನ್ನುವ ಬೌದ್ಧ ನಿಲುವನ್ನು ಅಕ್ಷರಶಃ ಹಿಡಿದರೆ ಇಲ್ಲಿ ಯಾರೂ ತಪ್ಪಿತಸ್ಥರಲ್ಲವೆಂದು ತೋರಬಹುದು. ಜೈನ ದಾರ್ಶನಿಕ ಉಮಾಸ್ವಾತಿಯ ತತ್ತ್ವಾರ್ಥಸೂತ್ರವಾದರೋ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಡುತ್ತದೆ. ಕೊಲ್ಲುವ ಮನಸ್ಸಿಲ್ಲದಿದ್ದರೂ ಎಚ್ಚರ ತಪ್ಪಿದವನು ಈ ದೃಷ್ಟಿಯಲ್ಲಿ ಹೊಣೆಯಿಂದ ಪಾರಾಗಲಾರ.

ಆದರೆ ಎಚ್ಚರಕ್ಕೆ ಅರಿವು ಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷದ ಹೆಸರೇ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ, ಅಂದು ಹಿಂಡಿ ಹಾಕಿದವರನ್ನು ಪ್ರಮತ್ತರೆನ್ನುವುದು ನ್ಯಾಯವಲ್ಲ. ಇಂದು ವಿಷದ ಗುಣವೂ ಅದನ್ನು ಅಳೆಯುವ ವಿಧಾನವೂ ತಿಳಿದಿವೆ. ಕೆಟ್ಟ ಮೇವನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ತಿಳಿಯಾಗುತ್ತದೆಂಬುದೂ ತಿಳಿದಿದೆ. ಆದುದರಿಂದ ಹೊಣೆಯನ್ನು ಅರಿವು ಮತ್ತು ಸಾಮರ್ಥ್ಯಗಳಿಗೆ ತಕ್ಕಂತೆ ಹಂಚಬೇಕಾಗುತ್ತದೆ: ಎರಡು ಹಸು ಕಟ್ಟಿಕೊಂಡು ಅಂಗಡಿಯ ಹಿಂಡಿಯನ್ನು ನಂಬಿದ ರೈತನಿಗಿಂತ, ಆ ಹಿಂಡಿಯನ್ನು ತಯಾರಿಸುವ ಕಾರ್ಖಾನೆಗೂ ಟ್ಯಾಂಕರುಗಟ್ಟಲೆ ಹಾಲು ಕೊಳ್ಳುವ ಸಂಸ್ಥೆಗೂ ಅದು ಹೆಚ್ಚು. ಪರೀಕ್ಷಿಸಬಲ್ಲವರು ಪರೀಕ್ಷಿಸದೆ ಬಿಡುವುದು ಇನ್ನು ಅಜ್ಞಾನವೆನಿಸದು, ಪ್ರಮಾದವೆನಿಸುತ್ತದೆ. ಅದರ ಫಲವನ್ನು ಹಸುವೂ ಹಾಲು ಕುಡಿಯುವ ಮಗುವೂ ಒಟ್ಟಿಗೆ ಉಣ್ಣುವುದರಿಂದ, ಅದು ಹಿಂಸೆಯ ಲೆಕ್ಕಕ್ಕೇ ಸೇರುತ್ತದೆ.