ದೈವ, ಪುರುಷಕಾರ ಮತ್ತು ಒಂದು ಸೀಸೆ ಅಲ್ಬುಮಿನ್

ಮನುಷ್ಯನ ಆಯುಸ್ಸು ಜನ್ಮಕಾಲದಲ್ಲಿಯೇ ಇಷ್ಟೆಂದು ನಿಯತವಾಗಿ ಬಂದುದೋ, ಇಲ್ಲವೆ ಆತನ ಮತ್ತು ಆತನನ್ನು ಪ್ರೀತಿಸುವವರ ಪ್ರಯತ್ನದಿಂದ ಹಿಗ್ಗಲೂ ಕುಗ್ಗಲೂ ಬಲ್ಲುದೋ ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನ ವೈದ್ಯರು ದಾರ್ಶನಿಕರಿಗೆ ಬಿಟ್ಟುಕೊಟ್ಟು ಸುಮ್ಮನಾಗಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಪಾಂಚಾಲದ ರಾಜಧಾನಿಯಾದ ಕಾಂಪಿಲ್ಯದ ಸಮೀಪ, ಬೇಸಗೆಯ ಕೊನೆಯ ದಿನಗಳಲ್ಲಿ ಗಂಗಾತೀರದ ವನದೊಳಗೆ ಶಿಷ್ಯರೊಡನೆ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನನ್ನು ಅಗ್ನಿವೇಶನು ಇದನ್ನೇ ಕೇಳುತ್ತಾನೆ. ನಾಡಿಗೆ ನಾಡೇ ಅಳಿದುಹೋಗುವ ವ್ಯಾಧಿಯ ಮಾತು ನಡೆಯುತ್ತಿದ್ದಾಗ ಎದ್ದ ಪ್ರಶ್ನೆಯಾದುದರಿಂದ ಅದು ಬರಿಯ ತರ್ಕವಿನೋದವಾಗಿರಲಿಲ್ಲ. ಆಯುಸ್ಸು ದೈವ ಪುರುಷಕಾರಗಳೆರಡನ್ನೂ ಆಶ್ರಯಿಸಿದೆಯೆಂದೂ, ಸಕಲರ ಆಯುಸ್ಸೂ ನಿಯತವೇ ಆಗಿದ್ದ ಪಕ್ಷದಲ್ಲಿ ಬದುಕಬೇಕೆನ್ನುವವನು ಔಷಧವನ್ನು ಸೇವಿಸುವುದಕ್ಕಾಗಲಿ, ಮದಿಸಿದ ಆನೆಯ ದಾರಿಯಿಂದ ಸರಿದು ನಿಲ್ಲುವುದಕ್ಕಾಗಲಿ ಕಾರಣವೇ ಇರುತ್ತಿರಲಿಲ್ಲವೆಂದೂ ಆತ್ರೇಯನು ಉತ್ತರ ಕೊಡುತ್ತಾನೆ. ಒಳ್ಳೆಯ ಮರದಿಂದ ಮಾಡಿದ ಬಂಡಿಯ ಅಚ್ಚು ತನ್ನ ಕಾಲ ತುಂಬಿ ಸವೆದು ಹೋಗುವುದು ಒಂದು ಬಗೆ. ಅತಿಭಾರದಿಂದಲೋ ಹಳ್ಳದಿಣ್ಣೆಯ ದಾರಿಯಿಂದಲೋ ನಡುಹಾದಿಯಲ್ಲೇ ಮುರಿಯುವುದು ಇನ್ನೊಂದು ಬಗೆ. ಮೊದಲನೆಯದು ಕಾಲಮೃತ್ಯು, ಎರಡನೆಯದು ಅಕಾಲಮೃತ್ಯು.

ಈ ಎರಡನೆಯದರ ಮುಖವನ್ನು ಇಂದು ಹತ್ತಿರದಿಂದ ಕಾಣಬೇಕಾದರೆ ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ, ಜನರು ಐಸಿಯು ಎನ್ನುವ ಆ ಕೊಠಡಿಯಲ್ಲಿ, ಸೆಪ್ಸಿಸ್ ಆಗಿ ಮಲಗಿರುವ ರೋಗಿಯನ್ನು ನೋಡಬೇಕು. ಎಲ್ಲಿಯೋ ಶ್ವಾಸಕೋಶದಲ್ಲಿ, ಮೂತ್ರನಾಳದಲ್ಲಿ, ಹೆರಿಗೆಯ ಗಾಯದಲ್ಲಿ ಹೊಕ್ಕ ಸೋಂಕಿನ ಮೇಲೆ ದೇಹವು ಹೂಡಿದ ಯುದ್ಧವು ಹದ್ದುಮೀರಿ, ತನ್ನ ಅಂಗಾಂಗಗಳನ್ನೇ ಕೆಡಿಸತೊಡಗುವ ಸ್ಥಿತಿ ಅದು. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿ ಇದಕ್ಕೆ ತುತ್ತಾದರೆಂದೂ, ಅವರಲ್ಲಿ 1 ಕೋಟಿ 10 ಲಕ್ಷ ಮಂದಿ ಮಡಿದರೆಂದೂ ಅಂದಾಜು. ಎಂದರೆ ಆ ವರ್ಷದ ಐದು ಮರಣಗಳಲ್ಲಿ ಒಂದು. ರಕ್ತನಾಳಗಳ ಗೋಡೆ ಸಡಿಲಗೊಂಡು ಒಳಗಿನ ನೀರು ಹೊರಕ್ಕೆ ಸೋರುತ್ತದೆ. ಮುಖ ಊದುತ್ತದೆ, ಕೈಕಾಲು ಬಾಯುತ್ತವೆ. ಆದರೆ ರಕ್ತದೊತ್ತಡ ಮಾತ್ರ ಕುಸಿಯುತ್ತ ಹೋಗುತ್ತದೆ. ಮೈತುಂಬ ನೀರಿದ್ದೂ ನಾಳದೊಳಗೆ ಬರ.

ಆಗ ಒಂದು ಗಾಜಿನ ಸೀಸೆ ಬರುತ್ತದೆ. ಅದರಲ್ಲಿರುವುದು 100 ಮಿಲಿಲೀಟರ್ ದ್ರವ. ತಿಳಿಯಾದದ್ದು, ಒಣಹುಲ್ಲಿನ ತೆಳುಹಳದಿ ಬಣ್ಣದ್ದು, ನೀರಿಗಿಂತ ತುಸು ಮಂದವಾದದ್ದು. ಕುಲುಕಿದರೆ ನೊರೆ ಏಳುವುದರಿಂದ ಸಿಸ್ಟರ್ ಅದನ್ನು ಅಲುಗಿಸದೆ, ಬೆಳಕಿಗೆ ಹಿಡಿದು ಕದಡಿಲ್ಲವೆಂದು ನೋಡಿ, ಡ್ರಿಪ್ ಸ್ಟ್ಯಾಂಡಿಗೆ ಮೆಲ್ಲನೆ ತೂಗುಹಾಕುತ್ತಾಳೆ. 20 ಗ್ರಾಂ ಅಲ್ಬುಮಿನ್. ನಮ್ಮ ಯಕೃತ್ತು ದಿನವೊಂದಕ್ಕೆ 10ರಿಂದ 15 ಗ್ರಾಂ ತಯಾರಿಸುವ ಈ ಸಸಾರಜನಕವೇ ರಕ್ತದ ನೀರನ್ನು ನಾಳದೊಳಗೆ ಹಿಡಿದಿಡುವ ಶಕ್ತಿಯ ಮುಕ್ಕಾಲು ಪಾಲಿಗೆ ಕಾರಣ. ಸೆಪ್ಸಿಸ್ ರೋಗಿಯ ರಕ್ತದಲ್ಲಿ ಅದರ ಪ್ರಮಾಣ ಇಳಿದಿರುತ್ತದೆ. ಹೆಚ್ಚು ಇಳಿದಷ್ಟೂ ಸಾವಿನ ಭಯ ಹೆಚ್ಚು.

ಯಾವುದು ಕಡಿಮೆಯಾಗಿದೆಯೋ ಅದನ್ನು ಹೊರಗಿನಿಂದ ತುಂಬಿದರೆ ಪ್ರಾಣವು ನಿಲ್ಲತಕ್ಕದ್ದು ಎಂಬ ಊಹೆಗಿಂತ ಸಹಜವಾದ ಊಹೆ ಮತ್ತೊಂದುಂಟೆ? ಚರಕನು ಆಪ್ತವಾಕ್ಯ, ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಯುಕ್ತಿಯನ್ನೂ ಪರೀಕ್ಷೆಯ ಸಾಧನವಾಗಿ ಎಣಿಸಿದನು. ಅನೇಕ ಕಾರಣಗಳ ಸಂಯೋಗದಿಂದ ಇಂಥ ಫಲ ಬರುವುದೆಂದು ಕಾಣುವ ಬುದ್ಧಿ ಅದು. ಅಲ್ಬುಮಿನ್ ಚಿಕಿತ್ಸೆಯ ಹಿಂದಿರುವುದು ಅಂಥ ಯುಕ್ತಿಯೇ. ಹಾರ್ವರ್ಡಿನ ಎಡ್ವಿನ್ ಕೋನ್ ಎಂಬ ರಸಾಯನಶಾಸ್ತ್ರಜ್ಞರು ತಣ್ಣನೆಯ ಆಲ್ಕೊಹಾಲಿನ ಸಹಾಯದಿಂದ ಪ್ಲಾಸ್ಮಾವನ್ನು ಬಿಡಿಸಿ ಅಲ್ಬುಮಿನ್ನನ್ನು ಬೇರೆ ಮಾಡುವ ಕ್ರಮವನ್ನು ಕಂಡುಹಿಡಿದ ಕೆಲಕಾಲದಲ್ಲೇ, 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಮೈಸುಟ್ಟ ನಾವಿಕರಿಗೆ ಅದನ್ನು ಕೊಟ್ಟರು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ ಆ ಯುಕ್ತಿಯೇ ಪ್ರಮಾಣವಾಗಿ ನಡೆಯಿತು. 1998ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷಕರು ಅಲ್ಲಲ್ಲಿ ನಡೆದಿದ್ದ ಸಣ್ಣಪುಟ್ಟ ಪ್ರಯೋಗಗಳನ್ನು ಒಟ್ಟುಗೂಡಿಸಿ, ಅಲ್ಬುಮಿನ್ ಪಡೆದ ಪ್ರತಿ 100 ಮಂದಿಯಲ್ಲಿ 6 ಮಂದಿ ಹೆಚ್ಚಾಗಿ ಸತ್ತಿರುವಂತೆ ತೋರುತ್ತದೆಂದು ಪ್ರಕಟಿಸಿದಾಗ ವೈದ್ಯಲೋಕವು ಬೆಚ್ಚಿತು. ಜೀವದಾಯಕವೆಂದು ನಂಬಿ ಕೊಟ್ಟದ್ದು ಜೀವಹಾರಕವಾಗಿದ್ದರೆ?

ಈ ಸಂಶಯವನ್ನು ತೀರಿಸುವುದಕ್ಕೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳ 16 ಐಸಿಯುಗಳ ವೈದ್ಯರು ಹಿಡಿದ ಮಾರ್ಗವು ನನ್ನ ಮನಸ್ಸನ್ನು ಬಹುವಾಗಿ ಹಿಡಿದು ನಿಲ್ಲಿಸುವಂಥದು. ಸುಮಾರು 7,000 ರೋಗಿಗಳಲ್ಲಿ ಯಾರಿಗೆ ಅಲ್ಬುಮಿನ್, ಯಾರಿಗೆ ಸಾಧಾರಣ ಸಲೈನ್ ಎಂಬುದನ್ನು ಅವರು ತಮ್ಮ ಬುದ್ಧಿಯಿಂದ ನಿರ್ಣಯಿಸದೆ ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟರು. ಕೊಡುವವರಿಗೂ ಪಡೆಯುವವರಿಗೂ ಗೊತ್ತಾಗದಂತೆ ಸೀಸೆಗಳಿಗೆ ರಟ್ಟಿನ ಹೊದಿಕೆ ತೊಡಿಸಿದರು. 2004ರಲ್ಲಿ ಫಲಿತಾಂಶ ಹೊರಬಂದಿತು. 28 ದಿನಗಳೊಳಗೆ ಅಲ್ಬುಮಿನ್ ಪಂಗಡದಲ್ಲಿ ಸತ್ತವರು 726, ಸಲೈನ್ ಪಂಗಡದಲ್ಲಿ ಸತ್ತವರು 729. ಭಯವೂ ನಿಜವಾಗಲಿಲ್ಲ, ಆಸೆಯೂ ನಿಜವಾಗಲಿಲ್ಲ.

ಇಲ್ಲಿ ಧರ್ಮಸೂಕ್ಷ್ಮವೊಂದಿದೆ. ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿರುವವನ ಚಿಕಿತ್ಸೆಯನ್ನು ಚೀಟಿಯಿಂದ ನಿರ್ಣಯಿಸುವ ಅಧಿಕಾರ ಯಾರಿಗಿದೆ? ಕೌರವಸಭೆಯಲ್ಲಿ ದ್ರೌಪದಿಯು ಎತ್ತಿದ ಪ್ರಶ್ನೆಯ ಛಾಯೆ ಇದರ ಮೇಲೂ ಬಿದ್ದಿದೆ: ತನ್ನನ್ನು ಪಣವಾಗಿ ಒಡ್ಡಲು ಇನ್ನೊಬ್ಬನಿಗೆ ಏನು ಹಕ್ಕು? ರೋಗಿಯ ಪರವಾಗಿ ಬಂಧುಗಳು ಒಪ್ಪಿಗೆ ಕೊಡುತ್ತಾರೆ. ತುರ್ತಿನಲ್ಲಿ ಆ ಒಪ್ಪಿಗೆಯನ್ನು ಅನಂತರ ಕೇಳುವುದೂ ಉಂಟು. ಇಷ್ಟರಿಂದ ಪ್ರಶ್ನೆ ಪೂರ್ತಿಯಾಗಿ ಅಡಗುವುದೆಂದು ನಾನು ಹೇಳಲಾರೆ. ಆದರೆ ಎರಡಕ್ಕೂ ಇರುವ ಅಂತರ ದೊಡ್ಡದು. ದ್ಯೂತದಲ್ಲಿ ಒಡ್ಡಿದವನಿಗೆ ಗೆಲುವಿನ ಆಸೆಯಿತ್ತು, ಸೋತರೆ ಏನಾಗುವುದೆಂಬುದೂ ತಿಳಿದಿತ್ತು. ಇಲ್ಲಿ ಎರಡು ಸೀಸೆಗಳಲ್ಲಿ ಯಾವುದು ಮೇಲೆಂಬುದು ಯಾರಿಗೂ ತಿಳಿಯದು. ತಿಳಿದಿದ್ದರೆ ಚೀಟಿ ಎತ್ತುವುದು ಮಹಾಪಾಪವಾಗುತ್ತಿತ್ತು. ತಿಳಿಯದೆ ಇದ್ದೂ ತಿಳಿದವನಂತೆ ಒಂದನ್ನು ಆರಿಸಿ ಕೊಡುವ ವೈದ್ಯನು ಕೂಡ ರೋಗಿಯನ್ನು ಅದೃಷ್ಟಕ್ಕೇ ಒಡ್ಡುತ್ತಾನೆ. ಆ ಒಡ್ಡುವಿಕೆಯಿಂದ ಮುಂದಿನ ರೋಗಿಗೆ ಯಾವ ಜ್ಞಾನವೂ ಉಳಿಯುವುದಿಲ್ಲ, ಅಷ್ಟೇ ಭೇದ.

ಈ ಮಾತಿಗೆ ಸಾಕ್ಷ್ಯವನ್ನು ಅದೇ ಪ್ರಯೋಗವು ಒದಗಿಸಿತು. ಅಪಘಾತದಲ್ಲಿ ಮಿದುಳಿಗೆ ಪೆಟ್ಟುಬಿದ್ದವರನ್ನು ಎರಡು ವರ್ಷಗಳವರೆಗೆ ಗಮನಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಬುಮಿನ್ ಪಡೆದವರಲ್ಲಿ 100ಕ್ಕೆ 33 ಮಂದಿ ತೀರಿಕೊಂಡಿದ್ದರು, ಸಲೈನ್ ಪಡೆದವರಲ್ಲಿ 100ಕ್ಕೆ 20 ಮಂದಿ. ಸದುದ್ದೇಶದ ಕೈಯಿಂದ ವರ್ಷಾನುಗಟ್ಟಲೆ ನಡೆದುಬಂದಿರಬಹುದಾದ ಈ ಹಾನಿಯು ಯಾವ ಅನುಭವಿ ವೈದ್ಯನ ಕಣ್ಣಿಗೂ ಬೀಳಲಿಲ್ಲ. ಚೀಟಿಯ ಎಣಿಕೆಗೆ ಬಿದ್ದಿತು. ಪುರುಷಕಾರವು ಕೆಲಹೊತ್ತು ದೈವದ ಕೈಗೆ ತನ್ನನ್ನು ಒಪ್ಪಿಸಿಕೊಂಡು, ಅದರಿಂದ ಜ್ಞಾನವನ್ನು ಪಡೆದು ಹಿಂದಿರುಗಿತೆಂದು ನಾನು ಇದನ್ನು ತಿಳಿಯುತ್ತೇನೆ. ಪರೀಕ್ಷೆಗೆ ಒಳಪಡಲೊಲ್ಲದ ಪುರುಷಕಾರವು ಎಷ್ಟೇ ಶ್ರಮಪಡಲಿ, ಅದು ದೈವನಂಬಿಕೆಯ ಮತ್ತೊಂದು ರೂಪವೇ ಸರಿ.

ಸೆಪ್ಸಿಸ್ ರೋಗಿಗಳ ವಿಷಯದಲ್ಲಿ ಮಾತ್ರ ಆ ಪ್ರಯೋಗವು ಒಂದು ಕ್ಷೀಣವಾದ ಆಸೆಯನ್ನು ಉಳಿಸಿತ್ತು. ಆ ಆಸೆಯ ಬೆನ್ನುಹತ್ತಿ ಇಟಲಿಯ 100 ಐಸಿಯುಗಳಲ್ಲಿ 1,818 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲವು 2014ರಲ್ಲಿ ಬಂದಿತು. 28 ದಿನಗಳ ಹೊತ್ತಿಗೆ ಅಲ್ಬುಮಿನ್ ಪಡೆದವರಲ್ಲಿ ಶೇಕಡ 31.8, ಪಡೆಯದವರಲ್ಲಿ ಶೇಕಡ 32 ಮಂದಿ ಮೃತರಾಗಿದ್ದರು. ರಕ್ತದೊತ್ತಡ ಕುಸಿದು ಸೆಪ್ಟಿಕ್ ಆಘಾತಕ್ಕೆ ಒಳಗಾಗಿದ್ದವರನ್ನೇ ಪ್ರತ್ಯೇಕಿಸಿ ನೋಡಿದಾಗ 90 ದಿನಗಳಲ್ಲಿ ತುಸು ಲಾಭ ಕಂಡಿತಾದರೂ, ಫಲ ಬಂದ ಮೇಲೆ ವಿಂಗಡಿಸಿ ಕಂಡ ಲಾಭಕ್ಕೆ ಪ್ರಮಾಣದ ಪದವಿಯನ್ನು ಕೊಡಲಾಗದು. ಯುಕ್ತಿಯು ಸೋತದ್ದೇಕೆಂಬುದಕ್ಕೆ ಒಂದು ಕಾರಣವನ್ನು ಊಹಿಸಬಹುದು: ಯಾವ ಬಿರುಕಿನಿಂದ ನೀರು ಸೋರುತ್ತಿತ್ತೋ ಅದೇ ಬಿರುಕಿನಿಂದ ಹೊಸದಾಗಿ ಕೊಟ್ಟ ಅಲ್ಬುಮಿನ್ನಿನ ಭಾಗವೂ ಹೊರಕ್ಕೆ ಸೋರಿಹೋಗುತ್ತದೆ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಮೊದಲ ದ್ರವವಾಗಿ ಸಲೈನಿನಂಥವನ್ನೇ ಹೇಳಿ, ಅದನ್ನು ಬಹಳವಾಗಿ ಕೊಡಬೇಕಾಗಿ ಬಂದವರಿಗೆ ಮಾತ್ರ ಅಲ್ಬುಮಿನ್ ಕೊಡಬಹುದೆಂದು ದುರ್ಬಲವಾದ ಸಲಹೆಯನ್ನು ಮಾಡಿದೆ.

ಇನ್ನು ಐಸಿಯುವಿನ ಬಾಗಿಲ ಹೊರಗೆ ಕುಳಿತವರ ಮಾತು. ನಮ್ಮ ನಾಡಿನಲ್ಲಿ ಔಷಧ ತರಲು ವೈದ್ಯರು ಬರೆದ ಚೀಟಿ ಅವರ ಕೈಗೆ ಬರುತ್ತದೆ. ಸೀಸೆಯೊಂದಕ್ಕೆ ಹಲವು ಸಾವಿರ ರೂಪಾಯಿ. ಒಂದಲ್ಲ, ದಿನಕ್ಕೆ ಎರಡು ಮೂರು ತನ್ನಿರೆಂದರೂ ತರುತ್ತಾರೆ, ಬಳೆಯನ್ನು ಅಡವಿಟ್ಟಾದರೂ ತರುತ್ತಾರೆ. ತಾರದೆ ಹೋದದ್ದರಿಂದಲೇ ತಂದೆ ಹೋದನೆಂಬ ಕೊರಗು ಮಗನಿಗೆ ಜೀವನವಿಡೀ ಉಳಿಯಬಾರದೆಂದು ವೈದ್ಯನು ಬರೆದುಕೊಡುವುದೂ, ಎಲ್ಲವನ್ನೂ ಮಾಡಿದೆನೆಂಬ ಸಮಾಧಾನಕ್ಕಾಗಿ ಮಗನು ತರುವುದೂ ಎರಡೂ ಕರುಣೆಯಿಂದಲೇ ಹುಟ್ಟಿದ ನಡತೆಗಳೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಸತ್ಯವನ್ನು ಬಿಟ್ಟ ಕರುಣೆಯು ಆ ಮಗನ ಮೇಲೆ ಸಾಲದ ಹೊರೆಯನ್ನೂ, ಮುಂದೆ ಸಂಶಯದ ಹೊರೆಯನ್ನೂ ಇಡುತ್ತದೆ. ಮೇಲಾಗಿ, ಆ ಸೀಸೆಯಲ್ಲಿರುವುದು ಕಾರ್ಖಾನೆಯಲ್ಲಿ ಹುಟ್ಟಿದ ವಸ್ತುವಲ್ಲ. ಹೆಸರು ಕಾಣದ ಸಾವಿರಾರು ಮಂದಿ ಕೊಟ್ಟ ಪ್ಲಾಸ್ಮಾವನ್ನು ಕೂಡಿಸಿ, ಬಿಡಿಸಿ, 60 ಡಿಗ್ರಿ ಶಾಖದಲ್ಲಿ 10 ಗಂಟೆ ಇರಿಸಿ ಶುದ್ಧಮಾಡಿದ್ದು. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಅದರ ಪ್ರಯೋಜನ ಸ್ಪಷ್ಟವಾಗಿ ಸಿದ್ಧಪಟ್ಟಿದೆ. ಮನುಷ್ಯರ ರಕ್ತದಿಂದ ಬಂದದ್ದನ್ನು ಪ್ರಯೋಜನವಿರುವಲ್ಲಿಗೆ ಮುಟ್ಟಿಸುವುದು ಆ ದಾನಕ್ಕೆ ತೋರಬೇಕಾದ ಗೌರವ.

ಆದುದರಿಂದ ವೈದ್ಯರಲ್ಲಿಯೂ ಬಂಧುಗಳಲ್ಲಿಯೂ ನನ್ನ ಪ್ರಾರ್ಥನೆ ಇದು. ಚೀಟಿ ಕೈಗೆ ಬಂದಾಗ ಬಂಧುಗಳು ಕೇಳಲಿ: ರೋಗಿ ಆಘಾತಸ್ಥಿತಿಯಲ್ಲಿದ್ದಾನೆಯೆ, ಸಲೈನ್ ಎಷ್ಟು ಹೋಗಿದೆ, ಈ ಸೀಸೆಯನ್ನು ತಾರದಿದ್ದರೆ ಆತನಿಗೆ ಆಗುವ ನಷ್ಟವೇನು? ಈ ಪ್ರಶ್ನೆಯನ್ನು ಅವಿನಯವೆಂದು ಎಣಿಸದೆ, ತಿಳಿದಷ್ಟನ್ನು ತಿಳಿದಂತೆಯೂ ತಿಳಿಯದುದನ್ನು ತಿಳಿಯದೆಂದೂ, ಬಾಗಿಲ ಬಳಿ ನಿಂತು ವೈದ್ಯರು ಹೇಳಲಿ.